ಅಂಧ ವಾಚಕರಿಗಾಗಿ ಗ್ರಂಥಶುದ್ಧಿ : ಒಂದು ವಿವೇಚನೆ

ನಮ್ಮ ವಚನ ವಾಙ್ಮಯವು ಮೊದಲು ಶರಣರ ನಾಲಗೆಯ ಮೇಲೆ ನೆಲಸಿ, ಅನಂತರ ಓಲೆಗರಿಗೆ ಇಳಿದು, ಕಡೆಗೆ ಅಚ್ಚಿನ ಮನೆಯನ್ನು ಸೇರಿದುದು ಸರ್ವವಿದಿತವಾದ ಸಂಗತಿ. ಫ. ಗು. ಹಳಕಟ್ಟಿಯವರು 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿದಾಗ, ಓಲೆಯ ಕಟ್ಟುಗಳಲ್ಲಿ ಅಡಗಿದ್ದ ವಚನಗಳು ಸಾಮಾನ್ಯ ಓದುಗನ ಕೈಗೆಟುಕಿದವು. ಈಗ ಆ ಬಗೆಯ ಹಳೆಯ ಗ್ರಂಥಗಳನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿ ಗಣಕಯಂತ್ರದಲ್ಲಿ ಇರಿಸುವ ಕಾರ್ಯ ನಡೆದಿದೆ. ಇದು ಸ್ತುತ್ಯವಾದ ಕಾರ್ಯವೇ ಸರಿ. ಆದರೆ ಹೀಗೆ ದೊರೆಯುವುದು ಪುಟದ ಚಿತ್ರವೇ ಹೊರತು ಅಕ್ಷರವಲ್ಲ. ಕಣ್ಣುಳ್ಳವರು ಅದನ್ನು ಓದಿಕೊಳ್ಳಬಲ್ಲರು. ಕಣ್ಣಿಲ್ಲದವರಿಗೆ ಅದು ಮುಚ್ಚಿದ ಪುಸ್ತಕವೇ. ಆ ಚಿತ್ರವು ಕಿವಿಗೂ ಬೆರಳಿಗೂ ಸಲ್ಲುವ ಪಾಠವಾಗುವ ಬಗೆ ಹೇಗೆ, ಅದಕ್ಕೆ ಬೇಕಾದ ಪರಿಶ್ರಮ ಎಂತಹುದು ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಪುಟದ ಚಿತ್ರವನ್ನು ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಒಪ್ಪಿಸಿದರೆ ಅದು ಅಕ್ಷರಗಳ ಆಕಾರವನ್ನು ಊಹಿಸಿ ಪಾಠವನ್ನು ಸಿದ್ಧಪಡಿಸುತ್ತದೆ. ಆ ಪಾಠವನ್ನು ಸ್ಕ್ರೀನ್ ರೀಡರ್ ಎಂಬ ಇನ್ನೊಂದು ತಂತ್ರಾಂಶವು ಗಟ್ಟಿಯಾಗಿ ಓದಿ ಹೇಳುತ್ತದೆ. ಅದೇ ಪಾಠವನ್ನು ಬ್ರೈಲ್ ಲಿಪಿಗೆ ಪರಿವರ್ತಿಸಿ, ಉಬ್ಬು ಚುಕ್ಕೆಗಳಲ್ಲಿ ಮುದ್ರಿಸಿಕೊಳ್ಳಲೂಬಹುದು. ಭಾರತೀಯ ಭಾಷೆಗಳಿಗೆಲ್ಲ ಸಾಮಾನ್ಯವಾದ ಭಾರತಿ ಬ್ರೈಲ್ 1951ರಿಂದಲೇ ನಮ್ಮಲ್ಲಿದೆ. ಸಾಧನಗಳಿಗೆ ಕೊರತೆಯಿಲ್ಲ, ಕೊರತೆಯಿರುವುದು ಶುದ್ಧಪಾಠಕ್ಕೆ. ಮೂಲದಲ್ಲಿ ಉಳಿದ ಒಂದು ದೋಷವು ಧ್ವನಿಯಲ್ಲೂ ಬ್ರೈಲಿನಲ್ಲೂ ಹಾಗೆಯೇ ಮೂಡುತ್ತದೆ.

ಇಲ್ಲಿ ಗಮನಿಸಬೇಕಾದ ಮೂಲತತ್ತ್ವ ಒಂದುಂಟು. ಕಣ್ಣು ಬೇಡವಾದುದನ್ನು ದಾಟಿ ಮುಂದೆ ಹೋಗಬಲ್ಲದು. ಕಿವಿಗೆ ಆ ಸ್ವಾತಂತ್ರ್ಯವಿಲ್ಲ. ಪ್ರತಿಪುಟದ ನೆತ್ತಿಯಲ್ಲಿ ಗ್ರಂಥದ ಹೆಸರು, ಮೂಲೆಯಲ್ಲಿ ಪುಟಸಂಖ್ಯೆ, ಕೆಲವೆಡೆ ಅಡಿಯಲ್ಲಿ ಮುದ್ರಣಾಲಯದವರ ಫಾರಂ ಸಂಖ್ಯೆ ಇರುತ್ತವೆ. ಓದುವಾಗ ಇವು ನಮ್ಮ ಗಮನಕ್ಕೇ ಬರುವುದಿಲ್ಲ. ಆದರೆ ಯಂತ್ರವು ಎಲ್ಲವನ್ನೂ ಒಂದೇ ಸಮನೆ ಓದುತ್ತದೆ. “ಶರಣರು ಕಾಯಕವನ್ನು ಕೇವಲ 42 ವಚನ ಸಾಹಿತ್ಯ ಪರಿಚಯ ಜೀವನೋಪಾಯವೆಂದು ಎಣಿಸಲಿಲ್ಲ” ಎಂಬ ವಾಕ್ಯವನ್ನು ಕೇಳಿದವನ ಪಾಡನ್ನು ಊಹಿಸಿಕೊಳ್ಳಬೇಕು. ಮುನ್ನೂರು ಪುಟಗಳ ಗ್ರಂಥದಲ್ಲಿ ಇಂತಹ ಅಡ್ಡಿ ಮುನ್ನೂರು ಬಾರಿ ಒದಗುತ್ತದೆ. ಆದುದರಿಂದ ಪುಟಕ್ಕೆ ಸೇರಿದುದನ್ನು ತೆಗೆಯುವುದು, ಪಾಠಕ್ಕೆ ಸೇರಿದುದನ್ನು ಉಳಿಸುವುದು, ಇದೇ ಗ್ರಂಥಶುದ್ಧಿಯ ಸಾರ.

ಕನ್ನಡ ಲಿಪಿಯಲ್ಲಿರುವ ಎರಡು ತೊಡಕುಗಳನ್ನು ಮೊದಲು ಹೇಳಬೇಕು. ನಮ್ಮ ಅನುಸ್ವಾರಕ್ಕೂ ಸೊನ್ನೆಯ ಅಂಕಿಗೂ ರೂಪದಲ್ಲಿ ಭೇದ ಕಾಣದು. ಅರ್ಕಾವೊತ್ತಿಗೂ ಒಂಬತ್ತರ ಅಂಕಿಗೂ ಬಹುಮಟ್ಟಿನ ಸಾಮ್ಯವಿದೆ. ಗಣಕಯಂತ್ರದಲ್ಲಿ ಮಾತ್ರ ಇವು ಬೇರೆಬೇರೆ ಸಂಕೇತಗಳು. ‘ಧರ್ಮ’ ಎಂಬುದು ‘ಧಮ೯’ ಎಂದು ದಾಖಲಾದರೆ ಕಣ್ಣಿಗೆ ಲೋಪ ತೋರದು. ಯಂತ್ರಕ್ಕೆ ಅದು ‘ಧಮ’ ಎಂಬ ಎರಡಕ್ಷರದ ಮುಂದೆ ಇಟ್ಟ ಒಂದು ಅಂಕಿ. ‘ಲಿಂಗ’ವು ‘ಲಿ೦ಗ’ವಾದರೆ ನಡುವೆ ಸೊನ್ನೆ ಬಂದು ಶಬ್ದವೇ ಒಡೆಯುತ್ತದೆ. ಇದು ಅಂಧರಿಗಷ್ಟೇ ಸೀಮಿತವಾದ ತೊಂದರೆಯಲ್ಲ. ‘ಲಿಂಗ’ ಶಬ್ದದ ಪ್ರಯೋಗಗಳನ್ನು ಹುಡುಕುವ ಸಾಹಿತ್ಯ ವಿದ್ಯಾರ್ಥಿಗೂ ಅಂತಹ ಸ್ಥಳಗಳು ದೊರೆಯದೆ ಹೋಗುತ್ತವೆ. ಪ-ವ, ಘ-ಫ ಮೊದಲಾದ ಅಕ್ಷರಗಳ ಗೊಂದಲ, ದೀರ್ಘದ ಲೋಪ, ಕೆಳಗೆ ಇಳಿದ ಒತ್ತಕ್ಷರದ ನಾಶ, ಇವು ಹಳೆಯ ಮೊಳೆಯ ಅಚ್ಚಿನ ಮಾಸಿದ ಪುಟಗಳಲ್ಲಿ ಹೆಚ್ಚು.

ಇನ್ನು ಸಾಲಿನ ವಿಚಾರ. ಸಾಲಿನ ಕೊನೆಯಲ್ಲಿ ಎಡೆ ಸಾಲದೆ ಮೊಳೆ ಜೋಡಿಸುವವನು ಶಬ್ದವನ್ನು ಮುರಿದು ಅಡ್ಡಗೆರೆ ಹಾಕುತ್ತಿದ್ದ. ಆ ಗೆರೆಯನ್ನು ತೆಗೆದು ಶಬ್ದವನ್ನು ಕೂಡಿಸಬೇಕು. ಆದರೆ ಗೆರೆಯೆಲ್ಲವನ್ನೂ ಒಂದೇ ಏಟಿಗೆ ಅಳಿಸುವುದು ಅಪಾಯ. ‘ಅಂಗ-ಲಿಂಗ’ ಎಂಬಲ್ಲಿಯ ಗೆರೆ ಸಂಪಾದಕನದು. ‘ಕೂಡಲ-’ ಎಂದು ಒಂದು ಸಾಲಿನಲ್ಲಿ ನಿಂತು ‘ಸಂಗಮದೇವ’ ಎಂದು ಮುಂದಿನ ಸಾಲಿಗೆ ಇಳಿದುದು ಅಚ್ಚಿನ ಮನೆಯದು. ಈ ಎರಡರ ಅಂತರವನ್ನು ಅರಿಯಲು ಯಂತ್ರಜ್ಞಾನಕ್ಕಿಂತ ವಿಷಯಜ್ಞಾನವೇ ಹೆಚ್ಚು ಬೇಕು.

ವಚನಗಳ ವಿಷಯದಲ್ಲಿ ಮತ್ತೂ ಒಂದು ಸೂಕ್ಷ್ಮವಿದೆ. ಒಂದು ವಚನ ಮುಗಿದುದನ್ನು ಅಚ್ಚಿನಲ್ಲಿ ನಡುವಣ ತೆರಪಿನಿಂದ ತಿಳಿಯುತ್ತೇವೆ. ಪರಿವರ್ತನೆಯಲ್ಲಿ ಆ ತೆರಪು ಮಾಯವಾದರೆ ಒಬ್ಬ ಶರಣರ ವಚನದ ಅಂಕಿತದ ಬೆನ್ನಿಗೇ ಇನ್ನೊಬ್ಬರ ವಚನದ ಮೊದಲ ಮಾತು ಅಂಟಿಕೊಳ್ಳುತ್ತದೆ. ಕೇಳುವವನಿಗೆ ಅಂಕಿತದ ಮರ್ಮವೇ ಕೆಡುತ್ತದೆ. ಆದುದರಿಂದ ಪ್ರತಿಯೊಂದು ವಚನವನ್ನೂ ಪ್ರತ್ಯೇಕ ಘಟಕವನ್ನಾಗಿ ಇರಿಸಿ, ಅದರ ಸಂಖ್ಯೆಯನ್ನು ಶೀರ್ಷಿಕೆಯೆಂದು ಗುರುತಿಸಬೇಕು. ಶೀರ್ಷಿಕೆಯೆಂದರೆ ಬರಿಯ ದಪ್ಪಕ್ಷರವಲ್ಲ. ಅದು ಶೀರ್ಷಿಕೆಯೆಂದು ಯಂತ್ರಕ್ಕೆ ತಿಳಿಯುವಂತೆ ಗುರುತು ಕೊಡಬೇಕು. ಆಗ ಅಂಧ ವಾಚಕನು ಒಂದು ಕೀಲಿಯನ್ನೊತ್ತಿ ವಚನದಿಂದ ವಚನಕ್ಕೆ ದಾಟಬಲ್ಲನು.

ಅಡಿಟಿಪ್ಪಣಿ, ಪಾಠಾಂತರಗಳು ವಾಕ್ಯದ ನಡುವೆ ನುಗ್ಗದಂತೆ ಅವನ್ನು ಆಯಾ ವಚನದ ಕೊನೆಗೆ ಒಯ್ದು, ‘ಟಿಪ್ಪಣಿ’ ಎಂದು ಹೆಸರಿಟ್ಟು ಕೊಡುವುದು ಲೇಸು. ಪುಟಸಂಖ್ಯೆಯನ್ನು ಪಾಠದಿಂದ ತೆಗೆದರೂ ಪುಟದ ಗುರುತಾಗಿ ಉಳಿಸುವುದು ಅವಶ್ಯ. ಪ್ರಬಂಧ ಬರೆಯುವ ಅಂಧ ವಿದ್ಯಾರ್ಥಿಯು ತನ್ನ ಸಹಪಾಠಿಗಳಂತೆಯೇ ಪುಟವನ್ನು ನಮೂದಿಸಬೇಕಾಗುತ್ತದಷ್ಟೆ.

ಇಷ್ಟನ್ನು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತು ಅಗತ್ಯ. ಶುದ್ಧಿಯೆಂದರೆ ಸುಧಾರಣೆಯಲ್ಲ. ‘ಕಮಳ’ ಎಂಬುದನ್ನು ಕಂಡು ‘ಕಮಲ’ ಎಂದು ತಿದ್ದುವುದು, ‘ಗೊಹೇಶ್ವರ’ ಎಂದಿರುವಲ್ಲಿ ‘ಗುಹೇಶ್ವರ’ ಎಂದು ಏಕರೂಪಗೊಳಿಸುವುದು, ಱಕಾರ ೞಕಾರಗಳನ್ನು ಹಳತೆಂದು ಬದಲಿಸುವುದು, ಇವು ಸಂಪಾದಕನು ಓಲೆಗಳನ್ನು ಹೋಲಿಸಿ ಉಳಿಸಿದ ಸಾಕ್ಷ್ಯವನ್ನು ಅಳಿಸಿದಂತೆ. ಓಲೆಯ ಲಿಪಿಕಾರರ ಕೈಯಲ್ಲಿ ಪಾಠಗಳು ಹೇಗೆ ಕೆಟ್ಟವೆಂಬುದನ್ನು ಗ್ರಂಥಸಂಪಾದನ ಶಾಸ್ತ್ರವನ್ನು ಓದಿದವರು ಬಲ್ಲರು. ತಿದ್ದುವವನು ಹೊಸ ಲಿಪಿಕಾರನಾಗಬಾರದು. ಎದುರಿಗಿರುವ ಪುಟದ ಚಿತ್ರದಲ್ಲಿ ಏನಿದೆಯೋ ಅದೇ ಪ್ರಮಾಣ. ಅಚ್ಚಿನ ತಪ್ಪೆಂದು ನಿಶ್ಚಯವಾದರೂ ಅದನ್ನು ಟಿಪ್ಪಣಿಯಲ್ಲಿ ಸೂಚಿಸುವುದೇ ಯುಕ್ತ. ಕಣ್ಣುಳ್ಳವನು ಸಂದೇಹ ಬಂದಾಗ ಮೂಲವನ್ನು ತೆರೆದು ನೋಡಬಲ್ಲನು. ಅಂಧ ವಾಚಕನಿಗೆ ನಾವು ಕೊಟ್ಟ ಪಾಠವೇ ಮೂಲ.

ಈ ಕಾರ್ಯಕ್ಕೆ ಕಾನೂನಿನ ಆಸರೆಯೂ ಉಂಟು. 2012ರಲ್ಲಿ ತಿದ್ದುಪಡಿಯಾದ ನಮ್ಮ ಕೃತಿಸ್ವಾಮ್ಯ ಶಾಸನವು ಅಂಗವಿಕಲರ ಉಪಯೋಗಕ್ಕಾಗಿ ಲಾಭದ ಉದ್ದೇಶವಿಲ್ಲದೆ ಸುಗಮ ಪ್ರತಿಗಳನ್ನು ಸಿದ್ಧಪಡಿಸಲು ಅವಕಾಶ ನೀಡಿದೆ. ಇದೇ ಉದ್ದೇಶದಿಂದ 2013ರಲ್ಲಿ ಮರಾಕೆಶ್ ನಗರದಲ್ಲಿ ಅಂತಾರಾಷ್ಟ್ರೀಯ ಒಪ್ಪಂದವೊಂದು ಅಂಗೀಕೃತವಾಯಿತು. 2014ರಲ್ಲಿ ಅದನ್ನು ಮೊಟ್ಟಮೊದಲು ಸ್ಥಿರೀಕರಿಸಿದ ರಾಷ್ಟ್ರ ಭಾರತ. 2016ರಲ್ಲಿ ‘ಸುಗಮ್ಯ ಪುಸ್ತಕಾಲಯ’ ಎಂಬ ಅಂತರ್ಜಾಲ ಗ್ರಂಥಾಲಯವೂ ಆರಂಭವಾಯಿತು. ಹಳಕಟ್ಟಿಯವರು ಲಿಂಗೈಕ್ಯರಾದುದು 1964ರಲ್ಲಿ. ಲೇಖಕನ ಮರಣಾನಂತರ ಅರವತ್ತು ವರ್ಷಗಳ ಅವಧಿ ಕಳೆದುದರಿಂದ 2025ರ ಆರಂಭದಿಂದ ಅವರ ಕೃತಿಗಳು ಸಾರ್ವಜನಿಕ ಸ್ವತ್ತಾಗಿವೆ. ಈ ಶುದ್ಧಿಕಾರ್ಯವನ್ನು ಅಲ್ಲಿಂದಲೇ ಆರಂಭಿಸಬಹುದು.

ಕ್ರಮವು ಸರಳವಾದುದು. ಇಬ್ಬರು ಜೊತೆಗೂಡಿ ದಿನಕ್ಕೆ ನಾಲ್ಕಾರು ಪುಟಗಳನ್ನು ತೆಗೆದುಕೊಳ್ಳಲಿ. ಒಬ್ಬನು ಚಿತ್ರವನ್ನು ನೋಡುತ್ತ ಪಾಠವನ್ನು ತಿದ್ದಲಿ. ಇನ್ನೊಬ್ಬನು ಕಣ್ಣು ಮುಚ್ಚಿ ಯಂತ್ರದ ಓದನ್ನು ಕೇಳಲಿ. ಕಣ್ಣು ಕಾಣದ ದೋಷವನ್ನು ಕಿವಿ ಹಿಡಿಯುತ್ತದೆ. ಸಾಧ್ಯವಾದೆಡೆ ಆ ಎರಡನೆಯವರು ಅಂಧ ವಿದ್ಯಾರ್ಥಿಯೇ ಆಗಿದ್ದರೆ ಇನ್ನೂ ಉತ್ತಮ.

ಅಂಧರಿಗೆ ವಿದ್ಯೆ ಸಲ್ಲಬೇಕೆಂಬುದು ನಮ್ಮ ನಾಡಿಗೆ ಹೊಸ ವಿಚಾರವೇನಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳೂ ಅವರ ತರುವಾಯ ಪುಟ್ಟರಾಜ ಗವಾಯಿಗಳೂ ಅಸಂಖ್ಯ ಅಂಧ ಬಾಲಕರಿಗೆ ಅನ್ನದೊಡನೆ ಸಂಗೀತವಿದ್ಯೆಯನ್ನೂ ನೀಡಿದರು. ಅಲ್ಲಿ ನಾದವು ಅವರಿಗೆ ಸ್ವಾಧೀನವಾಯಿತು. ಗ್ರಂಥವೂ ಹಾಗೆಯೇ ಸ್ವಾಧೀನವಾಗಬೇಕಾಗಿದೆ. ಇಂದಿಗೂ ಅನೇಕ ಅಂಧ ವಿದ್ಯಾರ್ಥಿಗಳು ಒಂದು ವಚನವನ್ನು ಓದಲು ಇನ್ನೊಬ್ಬರ ಬಿಡುವನ್ನು ಕಾಯುವ ಸ್ಥಿತಿಯಲ್ಲಿದ್ದಾರೆ. ಬೇಕೆಂದಾಗ, ಬೇಕಾದಷ್ಟು ಸಲ, ಯಾರ ಹಂಗೂ ಇಲ್ಲದೆ ಓದಿಕೊಳ್ಳುವ ಸೌಲಭ್ಯ ಅವರಿಗೂ ದೊರೆಯಬೇಕಾದರೆ, ವಚನಗಳನ್ನು ಬಲ್ಲ ವಿದ್ಯಾರ್ಥಿಗಳೂ ನಿವೃತ್ತ ಅಧ್ಯಾಪಕರೂ ಈ ಕಾಯಕಕ್ಕೆ ಕೈಹಚ್ಚುವುದು ಅವಶ್ಯವಾಗಿದೆ.