ಸರಿಯಿದ್ದರೂ ಬದಲಿಸಬೇಕಾದ ಡಿಸ್ಕ್

ವಿಜಯಪುರದ ಅಥಣಿ ರಸ್ತೆಯಲ್ಲಿ ತಿಕೋಟಾ ಕಡೆಗೆ ಹೋಗುವಾಗ, ಕಬ್ಬು ಹೇರಿದ ಟ್ರೇಲರ್ ಅಚ್ಚು ಮುರಿದು ನಿಂತಿರುವುದನ್ನು ನೀವು ನೋಡಿರಬಹುದು. ‘ನಿನ್ನಿ ತನಕಾ ಛಲೋನ ಇತ್ರೀ’ ಎನ್ನುತ್ತಾನೆ ಚಾಲಕ. ಅದು ಸುಳ್ಳೇನಲ್ಲ. ಅಂಥ ಅಚ್ಚಿನ ಮುರಿದ ಮುಖವನ್ನು ಗಮನಿಸಿ. ಸಾಮಾನ್ಯವಾಗಿ ಒಂದು ಭಾಗ ನುಣುಪಾಗಿರುತ್ತದೆ, ಉಳಿದದ್ದು ಒರಟಾಗಿರುತ್ತದೆ. ನುಣುಪು ಭಾಗದಲ್ಲಿ ಬಿರುಕು ಬಹುಕಾಲದಿಂದ ಸದ್ದಿಲ್ಲದೆ ಬೆಳೆದಿದೆ. ಒರಟು ಭಾಗ ಕೊನೆಯ ಕ್ಷಣದಲ್ಲಿ ಮುರಿದದ್ದು. ಇದೇ ಲೋಹದ ದಣಿವು.

ಟ್ರೇಲರ್ ರಸ್ತೆ ಬದಿಗೆ ನಿಲ್ಲಬಲ್ಲದು. ಹಾರುವ ವಿಮಾನ ನಿಲ್ಲಲಾರದು.

ಅಂಗೈಯಗಲದ ಬ್ಲೇಡು, ಹತ್ತು ಟನ್ ಎಳೆತ

ಜೆಟ್ ಎಂಜಿನ್ನಿನಲ್ಲಿ ಬ್ಲೇಡುಗಳನ್ನು ಡಿಸ್ಕ್‌ನ ಅಂಚಿಗೆ ಜೋಡಿಸಿರುತ್ತಾರೆ. 200 ಗ್ರಾಂ ತೂಕದ ಬ್ಲೇಡು 0.3 ಮೀಟರ್ ತ್ರಿಜ್ಯದಲ್ಲಿ ನಿಮಿಷಕ್ಕೆ 12,000 ಸುತ್ತು ತಿರುಗುತ್ತದೆ ಎಂದಿಟ್ಟುಕೊಳ್ಳಿ. ರಾಶಿ, ತ್ರಿಜ್ಯ ಮತ್ತು ಕೋನೀಯ ವೇಗದ ವರ್ಗ ಇವುಗಳನ್ನು ಗುಣಿಸಿದರೆ ಬೇಕಾದ ಕೇಂದ್ರಾಭಿಮುಖ ಬಲ ಸುಮಾರು 95,000 ನ್ಯೂಟನ್. ಅಂದರೆ ಹತ್ತಿರಹತ್ತಿರ ಹತ್ತು ಟನ್ ಭಾರ! ಇಂಥ ಹತ್ತಾರು ಬ್ಲೇಡುಗಳನ್ನು ಡಿಸ್ಕ್ ಹಿಡಿದಿಡಬೇಕು. ಒಂದು ಬ್ಲೇಡು ಕಳಚಿದರೆ ಎಂಜಿನ್ನಿನ ಹೊರಕವಚ ಅದನ್ನು ತಡೆಯುವಂತೆ ವಿನ್ಯಾಸವಿರುತ್ತದೆ. ಡಿಸ್ಕೇ ಒಡೆದರೆ ಅದರ ಚಲನಶಕ್ತಿಯನ್ನು ತಡೆಯುವಷ್ಟು ಗಟ್ಟಿ ಕವಚವನ್ನು ಹೊತ್ತು ಹಾರುವುದು ಸಾಧ್ಯವಿಲ್ಲ. ಆದ್ದರಿಂದ ಡಿಸ್ಕ್ ಒಡೆಯಲೇಬಾರದು.

ಗಂಟೆಗಳಲ್ಲ, ಆವರ್ತಗಳು

ಪ್ರತಿ ಹಾರಾಟದಲ್ಲೂ ಡಿಸ್ಕ್ ಮೇಲಿನ ಎಳೆತ ಸೊನ್ನೆಯಿಂದ ಗರಿಷ್ಠಕ್ಕೇರಿ ಮತ್ತೆ ಸೊನ್ನೆಗಿಳಿಯುತ್ತದೆ. ಇದು ಒಂದು ಆವರ್ತ. ಬೆಂಗಳೂರಿನಿಂದ ಬೆಳಗಾವಿಗೆ ಹಾರಿದರೂ ಒಂದೇ, ಲಂಡನ್ನಿಗೆ ಹಾರಿದರೂ ಒಂದೇ. ತಯಾರಕರು ಪ್ರತಿ ಡಿಸ್ಕ್‌ಗೂ ಆವರ್ತಗಳ ಮಿತಿ ಗೊತ್ತುಪಡಿಸುತ್ತಾರೆ. ಮಿತಿ ಮುಟ್ಟಿದ ದಿನ, ನೋಡಲು ಹೊಸದರಂತಿದ್ದರೂ ಡಿಸ್ಕನ್ನು ತೆಗೆದುಹಾಕಲೇಬೇಕು. ಲೆಕ್ಕದ ದಾಖಲೆ ಕಳೆದುಹೋದರೆ ಗಟ್ಟಿ ಡಿಸ್ಕ್ ಕೂಡ ಗುಜರಿಯ ಪಾಲಾಗಬಹುದು.

ಎಣಿಕೆಯೊಂದೇ ಸಾಕೆ?

ಸಾಲದು. 1989ರ ಜುಲೈ 19ರಂದು ಅಮೆರಿಕದ ಸೂ ಸಿಟಿಯಲ್ಲಿ ಡಿಸಿ-10 ವಿಮಾನ ಅಪಘಾತಕ್ಕೀಡಾಯಿತು. ಅದರ ಟೈಟೇನಿಯಮ್ ಫ್ಯಾನ್ ಡಿಸ್ಕ್‌ನ ಮಿತಿ 18,000 ಆವರ್ತಗಳು, ಒಡೆದದ್ದು 15,503ರಲ್ಲಿ. ಲೋಹ ಕರಗಿಸುವಾಗಲೇ ಉಳಿದಿದ್ದ ಸಣ್ಣ ದೋಷದಿಂದ ಬಿರುಕು ಹುಟ್ಟಿತ್ತು. ತಪಾಸಣೆಯಲ್ಲಿ ಅದು ಕಣ್ಣಿಗೆ ಬೀಳಲಿಲ್ಲ. ವಿಮಾನದಲ್ಲಿದ್ದ 296 ಜನರಲ್ಲಿ 184 ಮಂದಿ ಉಳಿದರು. 2023ರಲ್ಲಿ ಪ್ರಾಟ್ ಅಂಡ್ ವಿಟ್ನಿ ಕಂಪನಿಯು ಲೋಹದ ಪುಡಿಯಿಂದ ತಯಾರಿಸಿದ ಕೆಲವು ಡಿಸ್ಕ್‌ಗಳಲ್ಲಿ ಕಲ್ಮಶವಿರಬಹುದೆಂದು ಪ್ರಕಟಿಸಿತು. ಮಿತಿಗೆ ಮೊದಲೇ ಎಂಜಿನ್ನುಗಳನ್ನು ಬಿಚ್ಚಿ ಪರೀಕ್ಷಿಸಬೇಕಾಯಿತು. ನಮ್ಮ ಇಂಡಿಗೋ ಸಂಸ್ಥೆಯ ಹತ್ತಾರು ವಿಮಾನಗಳು ನೆಲದಲ್ಲೇ ನಿಂತವು. ಎಣಿಕೆಯ ಹಿಂದೆ ‘ಲೋಹ ಶುದ್ಧವಾಗಿದೆ’ ಎಂಬ ಊಹೆಯಿದೆ. ಆ ಊಹೆಯನ್ನೂ ಪರೀಕ್ಷಿಸುತ್ತಿರಬೇಕು.

ತರಗತಿಯಲ್ಲಿ ಮಾಡಿ ನೋಡಿ

ಒಂದೇ ಸುರುಳಿಯ ತಂತಿಯಿಂದ ಇಪ್ಪತ್ತು ಸಮ ತುಂಡುಗಳನ್ನು ಕತ್ತರಿಸಿ. ಪ್ರತಿಯೊಂದನ್ನೂ ಒಂದೇ ಕೋನಕ್ಕೆ ಹಿಂದೆ ಮುಂದೆ ಬಾಗಿಸಿ, ಎಷ್ಟು ಸಲಕ್ಕೆ ತುಂಡಾಯಿತೆಂದು ಬರೆದುಕೊಳ್ಳಿ. ಎಲ್ಲವೂ ಒಂದೇ ಎಣಿಕೆಗೆ ಮುರಿಯುವುದಿಲ್ಲ. ಈಗ ವಿದ್ಯಾರ್ಥಿಗಳನ್ನು ಕೇಳಿ: ಇಪ್ಪತ್ತೊಂದನೆಯ ತುಂಡಿಗೆ ನಿಮ್ಮ ಪ್ರಾಣವನ್ನೇ ತೂಗುಹಾಕಬೇಕಾದರೆ, ಎಷ್ಟನೆಯ ಬಾಗಿಗೆ ಅದನ್ನು ಬದಲಿಸುವಿರಿ? ಸರಾಸರಿಗಲ್ಲ, ಅತ್ಯಂತ ಬೇಗ ಮುರಿದ ತುಂಡಿನ ಎಣಿಕೆಗಿಂತಲೂ ಸಾಕಷ್ಟು ಮೊದಲೇ ಎಂಬ ಉತ್ತರ ಬಂದರೆ, ಎಂಜಿನ್ ವಿನ್ಯಾಸಕರ ತರ್ಕ ಅವರಿಗೆ ತಿಳಿದಂತೆಯೇ.