ಎಲ್ಲದಕ್ಕೂ ಜನರನ್ನೇ ಕೇಳಿದರೆ ಹೇಗೆ?



ಯುಗಾದಿ ಕಾರ್ಯಕ್ರಮದ ದಿನ ಒಬ್ಬಟ್ಟಿನ ಊಟ ಮುಗಿಸಿ ಹಾಲ್‌ನ ಕುರ್ಚಿಗಳನ್ನು ಎತ್ತಿಡುತ್ತಿದ್ದಾಗ ಗೆಳೆಯರೊಬ್ಬರ ಮಗಳು ಕೇಳಿದಳು: "ಅಂಕಲ್, ಎಂ.ಪಿ.ಗಳ ಮೇಲೆ ನಂಬಿಕೆ ಇಲ್ಲ ಅಂತ ನೀವೆಲ್ಲ ಹೇಳ್ತಾನೇ ಇರ್ತೀರ. ಹಾಗಾದ್ರೆ ದೊಡ್ಡ ವಿಷಯಗಳನ್ನ ನೇರವಾಗಿ ಜನರನ್ನೇ ಕೇಳಬಹುದಲ್ವಾ?" ಎ-ಲೆವೆಲ್‌ನಲ್ಲಿ ಪಾಲಿಟಿಕ್ಸ್ ಓದುವ ಹುಡುಗಿ. ಅಲ್ಲಿದ್ದ ನಾಲ್ಕು ಜನ ಸೇರಿ ಐದು ಉತ್ತರ ಕೊಟ್ಟೆವು! ಯಾವುದೂ ಸಮಾಧಾನ ತರಲಿಲ್ಲವಾದ್ದರಿಂದ ಈ ಲೇಖನ.

ಇಡೀ ಬ್ರಿಟನ್ ಒಟ್ಟಾಗಿ ಮತ ಹಾಕಿದ ಜನಮತಗಣನೆಗಳು (ಅಂದರೆ ರೆಫರೆಂಡಮ್‌ಗಳು) ಇದುವರೆಗೆ ಮೂರೇ ಮೂರು. 1975ರಲ್ಲಿ ಯೂರೋಪಿಯನ್ ಸಮುದಾಯದಲ್ಲಿ ಉಳಿಯಬೇಕೇ ಎಂದು ಕೇಳಿದರು, ಶೇ. 67ರಷ್ಟು ಜನ ಹೌದು ಎಂದರು. 2011ರಲ್ಲಿ ಚುನಾವಣೆಯ ಪದ್ಧತಿ ಬದಲಿಸೋಣವೇ ಎಂದು ಕೇಳಿದರು, ಜನ ಬೇಡ ಎಂದರು. ಮೂರನೆಯದು 2016ರ ಜೂನ್ 23ರ ಬ್ರೆಕ್ಸಿಟ್. ಅದನ್ನು ಯಾರಿಗೂ ನೆನಪಿಸಬೇಕಾಗಿಲ್ಲ.

ಆಗ ನಾನು ವರ್ಕ್ ವೀಸಾದಲ್ಲಿದ್ದೆ, ಕೈಯಲ್ಲಿದ್ದದ್ದು ಭಾರತದ ಪಾಸ್‌ಪೋರ್ಟ್. ಕಾಮನ್‌ವೆಲ್ತ್ ದೇಶದವರಾದ್ದರಿಂದ ನಮಗೆ ಮತದ ಹಕ್ಕಿತ್ತು. ಆಫೀಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಪೋಲೆಂಡಿನ ಗೆಳೆಯ ನನಗಿಂತ ಎಷ್ಟೋ ವರ್ಷ ಮೊದಲು ಬಂದವನು, ಮಕ್ಕಳು ಇಲ್ಲೇ ಹುಟ್ಟಿದವರು. ಅವನಿಗೆ ಹಕ್ಕಿರಲಿಲ್ಲ. ಅವನ ಮನೆಯ ಭವಿಷ್ಯದ ಬಗ್ಗೆ ನಾನು ಪೆನ್ಸಿಲ್ ಹಿಡಿದು ಗುರುತು ಹಾಕಿ ಬಂದೆ. ಮರುದಿನ ಬೆಳಿಗ್ಗೆ ಕಾಫಿ ಮೆಷಿನ್ ಹತ್ತಿರ ಅವನ ಮುಖ ನೋಡುವುದು ಕಷ್ಟವಾಯಿತು, ನಾನು ಹಾಕಿದ್ದು ಉಳಿಯೋಣ ಎಂದೇ ಆಗಿದ್ದರೂ. ಯಾರು ಮತ ಹಾಕಬಹುದು ಎಂಬುದರಲ್ಲೇ ಅರ್ಧ ತೀರ್ಪು ಅಡಗಿರುತ್ತದೆ ಎಂದು ನನಗೆ ಗೊತ್ತಾದದ್ದು ಅವತ್ತು.

ನಮ್ಮ ಸಂಘದ ಹಿರಿಯರೊಬ್ಬರು ಹೊರಬರೋಣ ಎಂದು ಮತ ಹಾಕಿದ್ದರು. "ಯೂರೋಪಿನವರಿಗೆ ಬಾಗಿಲು ತೆರೆದಿದೆ, ನಮ್ಮ ಹುಡುಗರಿಗೆ ಮಾತ್ರ ವೀಸಾ. ಇದು ನ್ಯಾಯವೇ?" ಎಂದು ಅವರ ವಾದ. ಅದರಲ್ಲಿ ತಪ್ಪೇನಿರಲಿಲ್ಲ. 2021ರ ಜನವರಿಯಿಂದ ಎಲ್ಲರಿಗೂ ಒಂದೇ ನಿಯಮ ಬಂತು. ಆದರೆ 2024ರ ಏಪ್ರಿಲ್‌ನಲ್ಲಿ ಸ್ಕಿಲ್ಡ್ ವರ್ಕರ್ ವೀಸಾದ ಸಾಮಾನ್ಯ ಸಂಬಳದ ಮಿತಿ 26,200 ಪೌಂಡಿನಿಂದ 38,700ಕ್ಕೆ ಏರಿದಾಗ ಅವರ ಅಕ್ಕನ ಮಗನೇ ಹಾಸನದಲ್ಲಿ ಉಳಿಯಬೇಕಾಯಿತು. ಅವರು ಮತ ಹಾಕಿದ್ದು ಒಂದು ನಿರೀಕ್ಷೆಗೆ. ಚೀಟಿಯಲ್ಲಿ ಆ ನಿರೀಕ್ಷೆ ಎಲ್ಲೂ ಬರೆದಿರಲಿಲ್ಲ.

ನಾನು ಹೇಳಬೇಕೆಂದಿರುವುದು ಇದನ್ನೇ. ಸಾಫ್ಟ್‌ವೇರಿನವರಿಗೆ ಬೇಗ ಅರ್ಥವಾಗುತ್ತದೆ. ಕ್ಲೈಂಟ್ ಬಂದು "ಹಳೇ ಸಿಸ್ಟಮ್ ಬೇಡ" ಎಂದು ಸಹಿ ಹಾಕಿ ಹೋದರೆ ಹೊಸದು ಹೇಗಿರಬೇಕೆಂದು ಯಾರಿಗೆ ಗೊತ್ತು? 1 ಕೋಟಿ 74 ಲಕ್ಷ ಜನ ಹೊರಗೆ ಎಂದರು, 1 ಕೋಟಿ 61 ಲಕ್ಷ ಜನ ಒಳಗೆ ಎಂದರು. ಹೊರಗೆ ಅಂದರೆ ಎಲ್ಲಿಗೆ? ನಾರ್ವೆಯಂತೆಯೇ, ಕಸ್ಟಮ್ಸ್ ಯೂನಿಯನ್ ಇಟ್ಟುಕೊಂಡೇ, ಒಪ್ಪಂದವೇ ಇಲ್ಲದೆಯೇ? 2019ರ ಮಾರ್ಚ್ 27ರಂದು ಪಾರ್ಲಿಮೆಂಟು ಎಂಟು ದಾರಿಗಳನ್ನು ಮತಕ್ಕೆ ಹಾಕಿತು. ಎಂಟಕ್ಕೂ ಬಹುಮತ ಸಿಗಲಿಲ್ಲ! ಕೊನೆಗೆ ಹೊರಬಂದದ್ದು 2020ರ ಜನವರಿ 31ರಂದು.

2011ರದ್ದು ಹಾಗಿರಲಿಲ್ಲ. ಹೊಸ ಪದ್ಧತಿಯ ಕಾನೂನನ್ನು ಮೊದಲೇ ಪಾಸು ಮಾಡಿ, ಜನ ಹೌದು ಎಂದರೆ ಜಾರಿಗೆ ತರಲೇಬೇಕು ಎಂದು ಅದರಲ್ಲೇ ಬರೆದಿದ್ದರು. ಹೌದು, ಅಲ್ಲ, ಎರಡರ ಅರ್ಥವೂ ಕಾಗದದ ಮೇಲಿತ್ತು. ತಮಾಷೆ ಎಂದರೆ, ಅಷ್ಟು ಅಚ್ಚುಕಟ್ಟಾಗಿ ಕೇಳಿದ ಪ್ರಶ್ನೆಗೆ ಬಂದವರು ಶೇ. 42, ಕಾನೂನಿನ ಪ್ರಕಾರ ಬರೀ ಸಲಹೆಯಾಗಿದ್ದ 2016ಕ್ಕೆ ಬಂದವರು ಶೇ. 72.

ಜನಮತಗಣನೆಯ ಬಲವಿರುವುದೂ ಅಲ್ಲೇ. ಒಂದೇ ಪಕ್ಷ ಗೆಲ್ಲುತ್ತಾ ಬಂದಿರುವ ಕ್ಷೇತ್ರದಲ್ಲಿರುವವರಿಗೆ "ನನ್ನ ಮತದಿಂದ ಏನಾಗುತ್ತೆ" ಎನ್ನಿಸುವುದು ಸಹಜ. ಇಲ್ಲಿ ಪ್ರತಿಯೊಂದು ಮತಕ್ಕೂ ಒಂದೇ ತೂಕ. 2014ರ ಸ್ಕಾಟ್ಲೆಂಡಿನ ಸ್ವಾತಂತ್ರ್ಯದ ಮತದಾನಕ್ಕೆ ಹದಿನಾರರ ಹುಡುಗರಿಗೂ ಹಕ್ಕು ಕೊಟ್ಟಿದ್ದರು, ಶೇ. 84ಕ್ಕೂ ಹೆಚ್ಚು ಜನ ಬಂದರು. ಸ್ವಿಟ್ಜರ್ಲೆಂಡಿನಲ್ಲಂತೂ ವರ್ಷಕ್ಕೆ ನಾಲ್ಕು ಸಲದವರೆಗೆ ಇದೇ ಕೆಲಸ. ಪಾರ್ಲಿಮೆಂಟು ಮಾಡಿದ ಕಾನೂನು ಹಿಡಿಸದಿದ್ದರೆ ನೂರು ದಿನದಲ್ಲಿ 50,000 ಸಹಿ ತಂದು ಜನರ ಮುಂದೆ ಇಡಿಸಬಹುದು. ವಿವರಣೆಯ ಪುಸ್ತಿಕೆ ಮತದಾರರ ಮನೆಗೇ ಬರುತ್ತದೆ. ಜನ ಬರೀ ಸ್ವಾರ್ಥ ನೋಡುತ್ತಾರೆ ಎನ್ನುವವರಿಗೆ ಒಂದು ಮಾತು: ಎಲ್ಲರಿಗೂ ಆರು ವಾರ ರಜೆ ಕೊಡೋಣವೇ ಎಂದು 2012ರಲ್ಲಿ ಕೇಳಿದಾಗ ಅವರು ಬೇಡ ಎಂದರು. ನಾನಾಗಿದ್ದರೆ ಕಣ್ಣು ಮುಚ್ಚಿ ಹೌದು ಎನ್ನುತ್ತಿದ್ದೆ.

ಅದೇ ದೇಶದ ಇನ್ನೊಂದು ಮುಖ ನೋಡಿ. ಹೆಂಗಸರಿಗೆ ಮತದ ಹಕ್ಕು ಕೊಡೋಣವೇ ಎಂದು 1959ರಲ್ಲಿ ಗಂಡಸರನ್ನು ಕೇಳಿದರು. ಮೂರನೇ ಎರಡು ಭಾಗ ಬೇಡ ಎಂದಿತು. ಹಕ್ಕು ಸಿಕ್ಕಿದ್ದು 1971ರಲ್ಲಿ. ನಮ್ಮ ಅಜ್ಜಿಯಂದಿರು ಯಾರನ್ನೂ ಕೇಳದೆ 1952ರ ಹೊತ್ತಿಗೇ ಮತ ಹಾಕಿ ಬಂದಿದ್ದರು! 2009ರಲ್ಲಿ ಹೊಸ ಮಿನಾರ್‌ಗಳನ್ನು ಕಟ್ಟಬಾರದೆಂದು ಶೇ. 57ಕ್ಕೂ ಹೆಚ್ಚು ಸ್ವಿಸ್ ಜನ ಮತ ಹಾಕಿದರು. ಇವತ್ತು ಮಿನಾರ್, ನಾಳೆ ದೇವಸ್ಥಾನದ ಗೋಪುರ. ಪರದೇಶದಲ್ಲಿ ಬೆರಳೆಣಿಕೆಯಷ್ಟಿರುವ ನಾವು ಇದನ್ನು ಓದಿ ಸುಮ್ಮನೆ ಪುಟ ತಿರುಗಿಸಲಾರೆವು.

ನಮ್ಮ ಸಂವಿಧಾನದಲ್ಲಿ ರಾಷ್ಟ್ರೀಯ ಜನಮತಗಣನೆಗೆ ಜಾಗವಿಲ್ಲ. ಆದರೂ ಕಾರವಾರದ ಆಚೆಗಿನ ಗೋವಾದಲ್ಲಿ 1967ರ ಜನವರಿ 16ರಂದು ಹಾಗೊಂದು ನಡೆಯಿತು. ಮಹಾರಾಷ್ಟ್ರದಲ್ಲಿ ವಿಲೀನವೋ, ಕೇಂದ್ರಾಡಳಿತ ಪ್ರದೇಶವಾಗಿಯೇ ಉಳಿಯುವುದೋ? ಸುಮಾರು 34,000 ಮತಗಳ ಅಂತರದಿಂದ ಉಳಿಯೋಣ ಎಂದು ತೀರ್ಮಾನವಾಯಿತು. ಯಾವುದನ್ನು ಆರಿಸಿದರೆ ಏನಾಗುತ್ತದೆ ಎಂದು ಮೊದಲೇ ಸ್ಪಷ್ಟವಿದ್ದ ಪ್ರಶ್ನೆ ಅದು.

ಇದನ್ನೆಲ್ಲ ಕಳುಹಿಸುವ ಮುನ್ನ ಆ ಹುಡುಗಿಗೆ ಫೋನಿನಲ್ಲಿ ಓದಿ ಹೇಳಿದೆ. ಕೇಳಲಿ, ಇನ್ನೂ ಹೆಚ್ಚು ಕೇಳಲಿ, ಆದರೆ ಕಾನೂನು ಬರೆದಿಟ್ಟು ಆಮೇಲೆ ಕೇಳಲಿ, ಅಲ್ಪಸಂಖ್ಯಾತರ ಹಕ್ಕುಗಳನ್ನು ಮಾತ್ರ ಮತಕ್ಕೆ ಹಾಕುವುದು ಬೇಡ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಯಾವುದು ಹಕ್ಕು, ಯಾವುದು ಅಲ್ಲ ಅಂತ ಡಿಸೈಡ್ ಮಾಡೋರು ಯಾರು ಅಂಕಲ್? ಅದಕ್ಕೊಂದು ವೋಟಾ?"

ಅವರಪ್ಪನಿಗೆ ಫೋನ್ ಕೊಡು ಎಂದೆ.