ಲಾರಿ ಲಾಬಿ ಎಂಬ ಗುಮ್ಮ

ಹೆದ್ದಾರಿಯಲ್ಲಿ ಲಾರಿಗಳ ಸಾಲು ಕಂಡಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ: ರೈಲಿನಲ್ಲಿ ಸರಕು ಸಾಗಿಸಿದರೆ ಅಗ್ಗ, ಹೊಗೆಯೂ ಕಡಿಮೆ, ಆದರೆ ಲಾರಿ ಲಾಬಿ ಬಿಡಬೇಕಲ್ಲ! ಮಾತಿನ ಮೊದಲರ್ಧ ಅರೆಸತ್ಯ, ಉಳಿದರ್ಧ ಕಟ್ಟುಕತೆ. 1950-51ರಲ್ಲಿ ದೇಶದ ಸರಕಿನ ಶೇ. 80ಕ್ಕೂ ಹೆಚ್ಚು ಪಾಲು ರೈಲಿನದಾಗಿತ್ತು. ಈಗ ಮೂರನೇ ಒಂದು ಪಾಲೂ ಇಲ್ಲ. ಇದನ್ನೆಲ್ಲ ಒಂದು ಲಾಬಿ ಮಾಡಿದ್ದರೆ ಅದಕ್ಕೆ ಕೈಮುಗಿಯಬೇಕು. ಅದೂ ಎಂಥ ಲಾಬಿ? ಲಾರಿ ಮಾಲೀಕರಲ್ಲಿ ಬಹುಪಾಲು ಜನ ಬೆರಳೆಣಿಕೆಯ ಗಾಡಿ ಇಟ್ಟುಕೊಂಡು, ಸಾಲದ ಕಂತು ಕಟ್ಟುತ್ತ, ಬರುವಾಗಲೂ ಲೋಡು ಸಿಕ್ಕರೆ ಸಾಕು ಎನ್ನುವವರು.

ರೈಲು ಅಗ್ಗ ಎನ್ನುವುದು ಹಳಿಯ ಮೇಲಿನ ಲೆಕ್ಕ. ವರ್ತಕನ ಲೆಕ್ಕ ಗೋದಾಮಿನಿಂದ ಗೋದಾಮಿಗೆ. ಬ್ಯಾಡಗಿಯಿಂದ ದೆಹಲಿಗೆ ಹತ್ತು ಟನ್ ಮೆಣಸಿನಕಾಯಿ ಕಳಿಸುವವನು ಲಾರಿಗೆ ಒಮ್ಮೆ ತುಂಬಿ ಟಾರ್ಪಾಲು ಬಿಗಿದರೆ ಮುಗಿಯಿತು. ರೈಲಾದರೆ ಗೂಡ್ಸ್ ಶೆಡ್ಡಿನವರೆಗೆ ಹೇಗೂ ಲಾರಿಯೇ ಬೇಕು. ಅಲ್ಲಿ ಇಳಿಸಬೇಕು, ವ್ಯಾಗನ್ನಿಗೆ ಏರಿಸಬೇಕು, ದೆಹಲಿಯಲ್ಲಿ ಇದೇ ಕೆಲಸ ತಿರುಗುಮುರುಗಾಗಿ ಮತ್ತೊಮ್ಮೆ. ಪ್ರತಿ ಸಲವೂ ಹಮಾಲಿ ಕೂಲಿ, ಪ್ರತಿ ಸಲವೂ ಕೊಕ್ಕೆಗೆ ಹರಿಯುವ ಚೀಲ. ಮೇಲಾಗಿ ರೈಲ್ವೆಗೆ ಬೇಕಾದದ್ದು 40ಕ್ಕೂ ಹೆಚ್ಚು ವ್ಯಾಗನ್ನುಗಳ ಇಡೀ ರೇಕು. ಕಲ್ಲಿದ್ದಲು, ಅದಿರು, ಸಿಮೆಂಟಿಗೆ ಅದು ಸರಿ. ಹತ್ತು ಟನ್ನಿನವನು ಎಲ್ಲಿಗೆ ಹೋಗಬೇಕು?

ಇದಕ್ಕಿಂತ ದೊಡ್ಡ ಕಾರಣ ನಮ್ಮ ಜೇಬಿನಲ್ಲೇ ಇತ್ತು. ಪ್ರಯಾಣದ ವೆಚ್ಚದಲ್ಲಿ ಸರಾಸರಿ ಶೇ. 57 ಮಾತ್ರ ವಸೂಲಾಗುತ್ತದೆ ಎಂದು ರೈಲ್ವೆ 2016ರಲ್ಲಿ ಟಿಕೆಟ್ಟಿನ ಮೇಲೇ ಅಚ್ಚುಹಾಕಿಸತೊಡಗಿತು. ಉಳಿದದ್ದನ್ನು ಬಹುಮಟ್ಟಿಗೆ ತುಂಬಿಕೊಡುವುದು ಸರಕಿನ ಬಾಡಿಗೆ. ಹಣ ಕೊಡುವ ಗೂಡ್ಸ್ ಗಾಡಿಯೇ ಪ್ಯಾಸೆಂಜರ್ ರೈಲಿಗೆ ದಾರಿ ಬಿಟ್ಟು ಲೂಪ್ ಲೈನಿನಲ್ಲಿ ನಿಲ್ಲಬೇಕು. ಅದರ ಸರಾಸರಿ ವೇಗ ದಶಕಗಳ ಕಾಲ ಗಂಟೆಗೆ 25 ಕಿ.ಮೀ. ಆಸುಪಾಸಿನಲ್ಲೇ ತೆವಳಿತು. ಹೆಚ್ಚು ಬಾಡಿಗೆ ಕೊಟ್ಟು ತಡವಾಗಿ ತಲುಪುವ ಸೇವೆಯನ್ನು ಗಿರಾಕಿ ಬಿಟ್ಟುಹೋದರೆ ಅದರಲ್ಲಿ ಪಿತೂರಿ ಏನು ಬಂತು? ಟಿಕೆಟ್ ದರ ಏರಕೂಡದು ಎಂದು ಹಟ ಹಿಡಿದವರೇ ಲಾರಿಗಳನ್ನು ಹೆದ್ದಾರಿಗೆ ಇಳಿಸಿದರು.

ಹಾಗಾದರೆ ಲಾರಿಯೇ ಗತಿಯೇ ಎಂದರೆ, ಅಲ್ಲ. ಕೊಂಕಣ ರೈಲ್ವೆ 1999ರಿಂದ ತುಂಬಿದ ಲಾರಿಗಳನ್ನೇ ವ್ಯಾಗನ್ ಮೇಲೆ ಹತ್ತಿಸಿ ಒಯ್ಯುತ್ತಿದೆ. ಮಹಾರಾಷ್ಟ್ರದ ಕೋಲಾಡಿನಲ್ಲಿ ಹತ್ತಿದ ಲಾರಿ ಸುರತ್ಕಲ್ಲಿನಲ್ಲಿ ಇಳಿದು ತನ್ನ ಪಾಡಿಗೆ ಹೋಗುತ್ತದೆ. ನಡುವೆ ಇಳಿಸಿ ಏರಿಸುವ ಖರ್ಚಿಲ್ಲ. ಲಾಬಿ ಎನಿಸಿಕೊಂಡವರೇ ಇಲ್ಲಿ ಗಿರಾಕಿಗಳು. ಸರಕಿಗೇ ಮೀಸಲಾದ ಪೂರ್ವ ಮತ್ತು ಪಶ್ಚಿಮ ಕಾರಿಡಾರುಗಳು ಗೂಡ್ಸ್ ಗಾಡಿಗೆ ಕೊನೆಗೂ ತನ್ನದೇ ಹಳಿ ಕೊಟ್ಟಿವೆ. ರೈಲಿನಂತೆ ಜಲಮಾರ್ಗವೂ ಇದೆ. ಹಡಗು ನಿಧಾನ, ಕೆಲಸಕ್ಕೆ ಬಾರದು ಎನ್ನುವವರು ಕಲ್ಲಿದ್ದಲಿಗೂ ಸಿಮೆಂಟಿನ ಕ್ಲಿಂಕರಿಗೂ ಅವಸರವಿಲ್ಲ ಎಂಬುದನ್ನು ಮರೆತಿದ್ದಾರೆ. ಪ್ರತಿ ನದಿಯಲ್ಲೂ ಹಡಗು ಓಡಿಸುತ್ತೇವೆ ಎನ್ನುವವರು ಬೇಸಿಗೆಯ ತುಂಗಭದ್ರೆಯನ್ನು ಒಮ್ಮೆ ನೋಡಲಿ.

ಬಡವರ ಪ್ರಯಾಣ ಅಗ್ಗವಾಗಿರಲಿ, ತಕರಾರಿಲ್ಲ. ಆದರೆ ಆ ಕೊರತೆಯನ್ನು ಬಜೆಟ್ಟಿನಿಂದ ನೇರವಾಗಿ ತುಂಬಿ, ಸರಕಿನ ಬಾಡಿಗೆ ಇಳಿಸಿ ಎಂದು ಕೇಳುವವರು ಎಷ್ಟು ಜನ? ಯಾವ ಸಮಸ್ಯೆಗೂ ಒಬ್ಬ ಖಳನಾಯಕ ಸಿಕ್ಕಿಬಿಟ್ಟರೆ ನಮಗೆ ಸಮಾಧಾನ. ಲೆಕ್ಕ ಕೇಳುವ ಗೋಜೂ ಇಲ್ಲ, ಆ ಲೆಕ್ಕದಲ್ಲಿ ನಮ್ಮ ಹೆಸರು ಬರುವ ಭಯವೂ ಇಲ್ಲ.